ಚಿಕ್ಕಪ್ಪನವರ ಪ್ರಶ್ನೆಗೆ: ಜಿನೀವಾಕ್ಕೆ ದೂರು ಬರೆಯುವ ಮುನ್ನ

ಚಿಕ್ಕಪ್ಪ, ನಮಸ್ಕಾರ. ಹೊರದೇಶದಲ್ಲಿ ನೆಲೆಸಿರುವ ನಿಮ್ಮ ಸ್ನೇಹಿತರು ಅಲ್ಲಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತಿದ್ದು, ವಿಶ್ವಸಂಸ್ಥೆಗೆ ದೂರು ಕೊಟ್ಟು ಆ ತೀರ್ಪನ್ನು ರದ್ದು ಮಾಡಿಸಬಹುದೇ ಎಂದು ನಿನ್ನೆ ಕೇಳಿದ್ದಿರಿ. ‘ಇಲ್ಲ’ ಎಂದಷ್ಟೇ ಹೇಳಿದರೆ ಅರ್ಧ ಮಾತಾಗುತ್ತದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತಿದ್ದೇನೆ, ಬಿಡುವಾದಾಗ ಕೇಳಿ.

ಅವರು ಹೇಳುತ್ತಿರುವುದು ಬಹುಶಃ ಜಿನೀವಾದ ಮಾನವ ಹಕ್ಕುಗಳ ಸಮಿತಿಯನ್ನು. 18 ಸದಸ್ಯರ ಈ ಸಮಿತಿ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಕುರಿತ 1966ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪಾಲನೆಯನ್ನು ಗಮನಿಸುತ್ತದೆ. ದೇಶವೊಂದು ಒಡಂಬಡಿಕೆಗೆ ಸೇರಿದ್ದರಷ್ಟೇ ಸಾಲದು, ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಐಚ್ಛಿಕ ಪ್ರೋಟೋಕಾಲನ್ನೂ ಬೇರೆಯಾಗಿ ಒಪ್ಪಿರಬೇಕು. ಭಾರತವೂ ಅಮೆರಿಕವೂ ಒಪ್ಪಿಲ್ಲ. ಕೆನಡಾ, ಆಸ್ಟ್ರೇಲಿಯಾ ಒಪ್ಪಿವೆ.

ದೇಶ ಒಪ್ಪಿದ್ದರೂ, ಅದರೊಳಗಿನ ಪರಿಹಾರದ ದಾರಿಗಳೆಲ್ಲ ಮುಗಿದಿರಬೇಕು. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೊನೆಯ ನ್ಯಾಯಾಲಯದವರೆಗೆ ಹೋಗಿದ್ದೇವಲ್ಲ ಎಂದು ಅವರು ನೆಮ್ಮದಿಯಾಗಿರುತ್ತಾರೆ. ಆದರೆ ಜಿನೀವಾದಲ್ಲಿ ಯಾವ ಹಕ್ಕು ಮುರಿಯಿತೆಂದು ಹೇಳಲಿದ್ದಾರೋ, ಅದೇ ದೂರಿನ ತಿರುಳನ್ನು ಆ ನ್ಯಾಯಾಲಯಗಳ ಮುಂದೆಯೂ ಇಟ್ಟಿರಬೇಕು ಎಂಬುದು ತಡವಾಗಿ ತಿಳಿಯುತ್ತದೆ. ಅಂದರೆ, ಈ ದೂರಿನ ಬುನಾದಿ ಬೀಳುವುದು ಮೊದಲ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ.

ಹಾಗೆಂದು ಈ ನಿಯಮ ಕುರುಡೂ ಅಲ್ಲ. ಕೆನಡಾದ ಮೂಲನಿವಾಸಿ ಮಹಿಳೆ ಸಾಂಡ್ರಾ ಲವ್‌ಲೇಸ್ ಅವರು ಸಮುದಾಯದ ಹೊರಗಿನವರನ್ನು ಮದುವೆಯಾದ ಕಾರಣಕ್ಕೆ, ಅಲ್ಲಿನ ಕಾನೂನಿನಂತೆ ತಮ್ಮ ಮೂಲನಿವಾಸಿ ಸ್ಥಾನಮಾನವನ್ನು ಕಳೆದುಕೊಂಡರು. ಹೊರಗಿನವಳನ್ನು ಮದುವೆಯಾದ ಗಂಡಸಿಗೆ ಈ ಶಿಕ್ಷೆ ಇರಲಿಲ್ಲ. ಅದೇ ಕಾನೂನನ್ನು ಕೆನಡಾದ ಸುಪ್ರೀಂ ಕೋರ್ಟ್ 1973ರಲ್ಲಿಯೇ ಬೇರೆ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. ಆದ್ದರಿಂದ, ಸಮಿತಿಗೆ ದೂರು ಕೊಡುವ ಮುನ್ನ ಸೋಲು ಖಚಿತವಿರುವ ಮೊಕದ್ದಮೆಯನ್ನು ಆಕೆ ಹೂಡಬೇಕಿರಲಿಲ್ಲ. ಮದುವೆ ನಡೆದದ್ದು 1970ರಲ್ಲಿ, ಕೆನಡಾಕ್ಕೆ ಒಡಂಬಡಿಕೆ ಅನ್ವಯವಾದದ್ದು 1976ರಲ್ಲಿ. ಅಂದರೆ ಸ್ಥಾನಮಾನ ಹೋದದ್ದು ಒಡಂಬಡಿಕೆ ಅನ್ವಯವಾಗುವ ಮೊದಲೇ. ಈ ತೊಡಕಿಗೂ ಸಮಿತಿ ಹಾದಿ ಕಂಡುಕೊಂಡಿತು: ತನ್ನವರ ನಡುವೆ ಬಾಳಲಾಗದ ನೋವು ಇನ್ನೂ ಮುಂದುವರಿದೇ ಇದೆಯಲ್ಲ ಎಂದು ಅದನ್ನೇ ಪರಿಶೀಲಿಸಿ, 1981ರಲ್ಲಿ ಹಕ್ಕಿನ ಉಲ್ಲಂಘನೆಯಾಗಿದೆ ಎಂದಿತು.

ಆದರೆ ಆ ಕಾನೂನು ಅಂದೇ ಬಿದ್ದುಹೋಗಲಿಲ್ಲ. ಸಮಿತಿ ಕೊಡುವುದಕ್ಕೆ ತೀರ್ಪು ಎಂಬ ಹೆಸರೂ ಇಲ್ಲ, ‘ಅಭಿಪ್ರಾಯಗಳು’ ಎನ್ನುತ್ತಾರೆ. ಅದನ್ನು ಜಾರಿ ಮಾಡಿಸಲು ಸಮಿತಿಯ ಕೈಯಲ್ಲಿ ಅಮೀನರೂ ಇಲ್ಲ, ಪೊಲೀಸರೂ ಇಲ್ಲ; ಕೆನಡಾದ ಸಂಸತ್ತು ಕಾನೂನನ್ನು ತಿದ್ದಿದ್ದು 1985ರಲ್ಲಿ. ಆ ನಾಲ್ಕು ವರ್ಷವನ್ನು ಬೇಗ ಎನ್ನಬೇಕೋ ತಡ ಎನ್ನಬೇಕೋ ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ನಿಮ್ಮ ಸ್ನೇಹಿತರಿಂದ ಎರಡು ವಿಷಯ ತಿಳಿದು ಹೇಳಿ, ಚಿಕ್ಕಪ್ಪ: ಅವರ ದೇಶ ಪ್ರೋಟೋಕಾಲನ್ನು ಒಪ್ಪಿದೆಯೇ, ಕೊನೆಯ ಆದೇಶದ ದಿನಾಂಕ ಯಾವುದು. ದೇಶದೊಳಗಿನ ದಾರಿ ಮುಗಿದು ಐದು ವರ್ಷ ಕಳೆದ ಮೇಲೆ ದೂರು ಹೋದರೆ, ತಡವಾದದ್ದಕ್ಕೆ ತಕ್ಕ ಕಾರಣ ತೋರಿಸದ ಹೊರತು ಸಮಿತಿ ಅದನ್ನು ಹಿಂದಿರುಗಿಸಬಹುದು.