ಗಂಡ ಹೆಂಡತಿ ಒಂದೇ ಟೀಮಿನಲ್ಲಿ ಟ್ರೆಷರ್ ಹಂಟ್ ಓಡಬಹುದಾ? (ಕಾಸರಗೋಡು)

ಪೆರ್ಲದ ಸೊಸೆ:
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಪೇಟೆಯಲ್ಲಿ ಜೋಡಿಗಳಿಗೆ ಅಂತ ಒಂದು ಟ್ರೆಷರ್ ಹಂಟ್ ಇದೆ. ಬೆಳಗ್ಗೆ ಹತ್ತು ಒಗಟು ಇರುವ ಚೀಟಿ ಕೊಡುತ್ತಾರಂತೆ, ಒಂದೊಂದು ಒಗಟಿಗೆ ಒಂದೊಂದು ಜಾಗ. ಹುಡುಕಿಕೊಂಡು ಹೋಗಿ ಇಬ್ಬರೂ ಕಾಣುವ ಹಾಗೆ ಫೋಟೋ ತೆಗೆದು ಮಧ್ಯಾಹ್ನದ ಒಳಗೆ ವಾಪಸ್ ಬರಬೇಕು. ನಡೆಯಬಹುದು, ಬಸ್ ಹತ್ತಬಹುದು. ಆಟೋ, ಬೈಕ್ ಇಲ್ಲ. ಒಂದು ಒಗಟು ಬಿಟ್ಟರೂ ಆಗುತ್ತದೆ.

ನಮ್ಮವರು ನನ್ನನ್ನು ಕೇಳದೆಯೇ ಹೆಸರು ಕೊಟ್ಟು ಬಂದಿದ್ದಾರೆ! ಇವರ ನಡಿಗೆ ಹೇಗೆ ಅಂದರೆ, ಮದುವೆಗೆ ಹೋದರೆ ನಾನು ಗೇಟು ದಾಟುವಾಗ ಇವರು ಎಲೆ ಮುಂದೆ ಕೂತಾಗಿರುತ್ತದೆ. ನಾನು ಪುತ್ತೂರಿನಲ್ಲಿ ಓದಿದವಳು, ಮಲಯಾಳ ಕೇಳಿದರೆ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಹೀಗೆ ಒಟ್ಟಿಗೆ ಓಡಿದವರು ಯಾರಾದರೂ ಇದ್ದೀರಾ? ದಾರಿಯಲ್ಲಿ ಜಗಳ ಆಗದ ಹಾಗೆ ಏನು ಮಾಡುವುದು?

ಕೂಡ್ಲು ಮಾಷ್ಟ್ರು:
ಚೀಟಿ ಸಿಕ್ಕಿದ ಕೂಡಲೇ ಓಡಬೇಡಿ ಮಾರಾಯ್ರೆ. ಎಲ್ಲರೂ ಮೊದಲನೇ ಒಗಟು ಬಿಡಿಸಿ ಓಡುತ್ತಾರೆ, ಆಮೇಲೆ ಎಂಟನೇದು ಅದೇ ಜಾಗದ ಪಕ್ಕ ಅಂತ ಗೊತ್ತಾಗಿ ತಲೆ ಚಚ್ಚಿಕೊಳ್ಳುತ್ತಾರೆ. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಚಾ ಹೇಳಿ, ಹತ್ತನ್ನೂ ಓದಿ, ಜಾಗಗಳನ್ನು ಒಂದು ಸುತ್ತು ಬರುವ ಹಾಗೆ ಜೋಡಿಸಿ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಕಡೆ ಏನಾದರೂ ಇದ್ದರೆ ರೈಲ್ವೇ ಸ್ಟೇಷನ್ ಒಗಟಿನ ಜೊತೆಗೇ ಮುಗಿಸಿ. 1916ರಲ್ಲಿ ಶುರುವಾದ ತೆಂಗಿನ ಸಂಶೋಧನಾ ಕೇಂದ್ರ, ಅದೇ ಈಗಿನ ಸಿಪಿಸಿಆರ್‌ಐ, ನಮ್ಮ ಕೂಡ್ಲಿನಲ್ಲಿದೆ. ಅದು ಇನ್ನೊಂದು ದಿಕ್ಕು. ಮತ್ತೆ ಆರು ಲೇನಿನ ಹೈವೇಯನ್ನು ಮೊದಲಿನ ಹಾಗೆ ಕಂಡಲ್ಲಿ ದಾಟಲು ಆಗುವುದಿಲ್ಲ. ಆಚೆ ಬದಿ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ.

ಸುಮ್ನೆ ಓದುವವ:
ಅಕ್ಕ, ನಿಮ್ಮ ತಮ್ಮನ ಜೊತೆ ಓಡಿ, ಅವರು ಅವರ ದೋಸ್ತಿ ಜೊತೆ ಓಡಲಿ. ಸಂಸಾರ ಉಳಿಯುತ್ತದೆ.

ಬದಿಯಡ್ಕದಕ್ಕ:
ಮೇಲಿನವರ ಮಾತು ಕೇಳಬೇಡಿ. ನಾವಿಬ್ಬರೂ ಇಂಥದ್ದರಲ್ಲಿ ಓಡಿದ್ದೇವೆ, ಈಗಲೂ ಒಂದೇ ಮನೆಯಲ್ಲಿದ್ದೇವೆ. ಗಂಡ ಹೆಂಡತಿಗೆ ಒಂದು ಲಾಭ ಇದೆ, ಇನ್ನೊಬ್ಬರ ತಲೆ ಯಾವ ಕಡೆ ಓಡುತ್ತದೆ ಅಂತ ಮೊದಲೇ ಗೊತ್ತು. ನಮಗೆ ಬಂದ ಒಂದು ಒಗಟು, "ಮನೆ ಅಪ್ಪನದು, ಹೆಸರು ಮಗನದು". ಇವರು ಪೇಟೆಯ ಹಳೇ ಜವಳಿ ಅಂಗಡಿಗಳ ಬೋರ್ಡು ನೋಡುತ್ತಾ ಹೊರಟರು. ಇವರಿಗೆ ಏನು ಕೇಳಿದರೂ ಮೊದಲು ವ್ಯಾಪಾರವೇ ನೆನಪಾಗುವುದು. ನನಗೆ ಆಗಲೇ ಮಧೂರು ಅಂತ ಹೊಳೆಯಿತು. ಅಲ್ಲಿ ಮೂಲ ದೇವರು ಶಿವ, ಆದರೆ ಗೋಡೆಯಲ್ಲಿ ಮೂಡಿದ ಗಣಪತಿಗೇ ಹೆಸರು ಜಾಸ್ತಿ ಅಲ್ವಾ. ಮಧೂರು ಬಸ್ ಹತ್ತಿದೆವು, ದೇವಸ್ಥಾನದ ಎದುರು ಫೋಟೋ ತೆಗೆದೆವು, ಅದೇ ಬಸ್ಸಲ್ಲಿ ವಾಪಸ್. ಅಲ್ಲಿಯ ಅಪ್ಪ (ಸಿಹಿ ಕಜ್ಜಾಯ) ಪ್ರಸಾದ ತೆಗೆದುಕೊಳ್ಳಲು ಪುರುಸೊತ್ತಿರಲಿಲ್ಲ, ಆ ಬೇಜಾರು ಇನ್ನೂ ಇದೆ.

ಜಗಳಕ್ಕೆ ನಮ್ಮ ಉಪಾಯ ಹೇಳುತ್ತೇನೆ. ಕೆಲಸ ಮೊದಲೇ ಹಂಚಿ. ಒಗಟು, ಫೋಟೋ, ಫೋನು ನಿಮ್ಮದು. ಬಸ್ಸು, ದಾರಿ, ಟೈಮು ಅವರದು. ಯಾರ ಕೆಲಸವೋ ಅವರ ಮಾತೇ ಕೊನೆ. ತಪ್ಪಾದರೂ ಮನೆಗೆ ಬಂದ ಮೇಲೆ ಮಾತಾಡಿ. ಇನ್ನು ನಡಿಗೆ, ನಿಧಾನ ನಡೆಯುವವರು ಮುಂದೆ ಇರಬೇಕು. ಹೇಗೂ ಇಬ್ಬರೂ ಇಲ್ಲದೆ ಫೋಟೋ ಆಗುವುದಿಲ್ಲ, ಅವರು ಮೊದಲೇ ಹೋಗಿ ನಿಂತು ಏನು ಮಾಡುತ್ತಾರೆ?

ಮೇಲ್ಪರಂಬ ಸ್ಟಾಪ್:
ಬಸ್ಸಿನ ವಿಷಯ ಒಂದು ಹೇಳಬೇಕು. ಚಂದ್ರಗಿರಿ ಕೋಟೆ ಬಂದೇ ಬರುತ್ತದೆ ಅಂತ ನನ್ನ ಲೆಕ್ಕ, ಯಾಕೆಂದರೆ ಅದನ್ನೂ ಬೇಕಲ ಕೋಟೆಯನ್ನೂ ಕಟ್ಟಿಸಿದ್ದು ಶಿವಪ್ಪ ನಾಯಕ ಅನ್ನುತ್ತಾರೆ, ಆದರೆ ಅವನ ಹೆಸರು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬೇಕಲ ಬರುತ್ತದೆ, ಒಗಟು ಮಾಡುವವರಿಗೆ ಅದೇ ಬೇಕು. ಕಾಸರಗೋಡಿನಿಂದ ಕಾಞಂಗಾಡಿಗೆ ಎರಡು ದಾರಿ. ಒಂದು ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಬೇಕಲ ಆಗಿ. ಇನ್ನೊಂದು ಹೈವೇಯಲ್ಲಿ ಚೆರ್ಕಳ, ಪೆರಿಯ ಆಗಿ. ಎರಡರ ಬೋರ್ಡಲ್ಲೂ ಕಾಞಂಗಾಡ್ ಅಂತಲೇ ದೊಡ್ಡದಾಗಿ ಇರುತ್ತದೆ. ಕಂಡಕ್ಟರ್ ಹತ್ತಿರ "ಚಂದ್ರಗಿರಿ ವಳಿಯಾ?" (ಚಂದ್ರಗಿರಿ ದಾರಿಯಾಗಿಯಾ) ಅಂತ ಕೇಳಿಯೇ ಹತ್ತಿ. ಚೆರ್ಕಳದ ಬಸ್ ಹತ್ತಿದಿರೋ, ಆ ಬೆಳಗ್ಗೆ ಮುಗಿಯಿತು.

ಪೆರ್ಲದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಇವರಿಗೆ ಓದಿ ಹೇಳಿದೆ. ಬಸ್ಸು, ದಾರಿ ಒಪ್ಪಿದರು, ಫೋನು ಮಾತ್ರ ಕೊಡುವುದಿಲ್ಲವಂತೆ. ಮಾತುಕತೆ ನಡೆಯುತ್ತಿದೆ.

ಬದಿಯಡ್ಕದಕ್ಕ:
ಹಾಗಾದರೆ ನಿಮ್ಮ ಫೋನ್ ನಂಬರನ್ನೇ ಹೆಸರಿನ ಜೊತೆ ಕೊಡಿ. ಫೋಟೋ ಕಳಿಸಬೇಕಾದ್ದು ಕೊಟ್ಟ ನಂಬರಿನಿಂದಲೇ ಅಂತ ಸಾಮಾನ್ಯವಾಗಿ ನಿಯಮ ಇರುತ್ತದೆ, ಕೇಳಿ ನೋಡಿ.