ಹರಿಕೇನೋ ಸ್ಪಿಟ್‌ಫೈರೋ? 1940ರ ರೋಲ್‌ಪ್ಲೇಗೆ ಹೊಸಬ, ಆಡಿದವರು ಅನುಭವ ಹೇಳಿ

ಮೋಡದಂಚು:
ಶನಿವಾರದಿಂದ ನಮ್ಮ ಗುಂಪಿನಲ್ಲಿ ಬ್ರಿಟನ್ ಕದನದ ಆಟ ಶುರು. 1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ಜರ್ಮನ್ ವಿಮಾನ ದಾಳಿಯನ್ನ ಬ್ರಿಟನ್ ಆಕಾಶದಲ್ಲಿ ಎದುರಿಸಿದ ಕಥೆ. ನನ್ನದು ಆಗ್ನೇಯ ಇಂಗ್ಲೆಂಡ್ ಕಾಯೋ ಬ್ರಿಟಿಷ್ ವಾಯುಪಡೆಯ 11ನೇ ಗ್ರೂಪಿಗೆ ಈಗಷ್ಟೇ ಬಂದ ಹತ್ತೊಂಬತ್ತರ ಹುಡುಗನ ಪಾತ್ರ. ಪಾತ್ರ ಸತ್ತರೆ ಮತ್ತೆ ಎದ್ದು ಬರೋ ಹಾಗಿಲ್ಲ. ನನಗೆ ವಾರಕ್ಕೆ ಎರಡೇ ಗಂಟೆ ಬಿಡುವು, ಪಾತ್ರದ ದಿನಚರಿ ಗಿನಚರಿ ಬರೆಯೋಕಾಗಲ್ಲ. ಬ್ರಿಟಿಷರ ಈ ಎರಡು ಫೈಟರ್ ವಿಮಾನಗಳಲ್ಲಿ ಯಾವುದು ತಗೊಳ್ಳಲಿ?

ಬಾಲಂಗೋಚಿ:
ಸ್ಪಿಟ್‌ಫೈರ್ ತಗೊಂಡು ಕೆಟ್ಟವನು ನಾನು, ಕೇಳಿ. ಒಂಬತ್ತು ವಾರ ಆಡಿದ್ದೆ. ಮೂವತ್ತೆಂಟು ಪುಟ ದಿನಚರಿ, ಅಮ್ಮನಿಗೆ ಬರೆದ ಆರು ಕಾಗದ, ಎಲ್ಲ ಒಂದು ದಾಳಕ್ಕೆ ಹೋಯ್ತು. ಮೂರು ಮೂರು ವಿಮಾನ V ಆಕಾರದಲ್ಲಿ ಹಾರೋ ವಿಕ್ ಸಾಲು, ಅದರಲ್ಲಿ ನಾನು ಕೊನೆಯವನು. ಮುಂದಿನವನ ರೆಕ್ಕೆಗೆ ತಾಗದ ಹಾಗೆ ಅಂತರ ಕಾಯೋದರಲ್ಲೇ ಕಣ್ಣು ಮುಗೀತಿತ್ತು, ಹಿಂದೆ ನೋಡೋದು ಯಾವಾಗ? ಮೇಲಿಂದ ಜರ್ಮನ್ ಫೈಟರ್ 109 ಎರಗಿತು. ಗಾಬರಿಯಲ್ಲಿ ಮೂತಿ ಕೆಳಕ್ಕೆ ಒತ್ತಿದೆ, ಮರ್ಲಿನ್ ಎಂಜಿನ್ ಕೆಮ್ಮಿ ನಿಂತೇಬಿಡ್ತು. ಕಾರ್ಬುರೇಟರ್ ನೋಡಿ, ಹಾಗೆ ಒತ್ತಿದರೆ ಪೆಟ್ರೋಲ್ ಹೋಗಲ್ಲ. ಅವನದು ಪೆಟ್ರೋಲ್ ಒತ್ತಿ ಕಳಿಸೋ ಇಂಜೆಕ್ಷನ್, ಆರಾಮಾಗಿ ಹಿಂದೇನೇ ಬಂದ. ಮೊದಲು ಮಗುಚಿ ಆಮೇಲೆ ಇಳೀಬೇಕಿತ್ತು. ಗೊತ್ತಿತ್ತು ರೀ! ಹನ್ನೊಂದನೇ ಪುಟದಲ್ಲಿ ನನ್ನ ಕೈಯಾರೆ ಬರೆದಿದ್ದೆ. ಹರಿಕೇನ್ ತಗೊಳ್ಳಿ.

ಕಪ್ಪುಕನ್ನಡಕ:
ಹರಿಕೇನ್‌ನಲ್ಲೂ ಇದ್ದದ್ದು ಅದೇ ಮರ್ಲಿನ್, ಅದೇ ಕೆಮ್ಮು. ಒಂಬತ್ತು ವಾರ ಆಡಿ ಇಷ್ಟೂ ತಿಳಿದಿಲ್ಲ ಅಂದ್ರೆ ಸತ್ತದ್ದರಲ್ಲಿ ಆಶ್ಚರ್ಯ ಇಲ್ಲ.

ನಾನು ಹರಿಕೇನ್‌ನಲ್ಲಿ ಅಕ್ಟೋಬರ್ ಮುಟ್ಟಿದವನು. ಆದರೆ ಏನು ಪಡೆದೆ? ನಾಲ್ಕು ವಿಮಾನ ಕಳ್ಕೊಂಡೆ. ಒಂದು ನೆಲದಲ್ಲೇ ಬಾಂಬಿಗೆ ಹೋಯ್ತು. ಒಂದನ್ನ ಇಳಿಸುವಾಗ ನಾನೇ ಮುರಿದೆ, ಚಕ್ರ ಬಿಡೋದು ಮರೆತು. ಮೂರನೆಯದರಲ್ಲಿ ಡ್ಯಾಶ್‌ಬೋರ್ಡಿನ ಹಿಂದಿನ 28 ಗ್ಯಾಲನ್ ಟ್ಯಾಂಕಿಗೆ ಬೆಂಕಿ ಹೊತ್ತಿ, ಉರಿ ಸೀದಾ ಮುಖಕ್ಕೆ. ಕೈ ಸುಟ್ಟಿದೆ ಅಂತ ಮೂರು ಸೆಷನ್ ಆಸ್ಪತ್ರೆ ಹಾಸಿಗೆಯಲ್ಲಿ ಕೂರಿಸಿದರು. ಉಳಿದವರೆಲ್ಲ ಹಾರ್ತಿದ್ರೆ ನಾನು ನರ್ಸ್ ಪಾತ್ರದ ಜೊತೆ ಹವಾಮಾನ ಮಾತಾಡ್ತಾ ಇದ್ದೆ. ನಾಲ್ಕನೆಯದರ ಕಥೆ ಬೇಡ, ಹೊಡೆದದ್ದು ನಮ್ಮವರೇ.

ಬಾಲಂಗೋಚಿ:
ಟ್ಯಾಂಕಿನ ಮಾತಾ? ಸ್ಪಿಟ್‌ಫೈರ್‌ನಲ್ಲಿ 85 ಗ್ಯಾಲನ್ನೂ ಪೈಲಟ್ ಮುಂದೆಯೇ ಇತ್ತು ಸ್ವಾಮಿ. ಲೆಕ್ಕ ಹೇಳೋರು ಪೂರ್ತಿ ಹೇಳಿ.

ದಾಳಬಸವ:
ಇಬ್ಬರೂ ಸುಮ್ಮನಿರಿ. ಎರಡು ಸಲ ಈ ಆಟ ನಡೆಸಿದವನು ನಾನು. ವಿಮಾನದಿಂದ ಯಾರೂ ಸಾಯಲ್ಲ, ಎತ್ತರದಿಂದ ಸಾಯ್ತಾರೆ. ಡೋವರ್ ಎದುರು ಇಂಗ್ಲಿಷ್ ಕಡಲ್ಗಾಲುವೆ ಇರೋದೇ 33 ಕಿಲೋಮೀಟರ್, ಬಾಂಬರ್ ಆರೇಳು ನಿಮಿಷಕ್ಕೆ ದಾಟುತ್ತೆ. ನೀವು 20,000 ಅಡಿ ಹತ್ತೋಕೇ ಎಂಟು ಹತ್ತು ನಿಮಿಷ ಬೇಕು. ಬ್ರಿಟಿಷ್ ಕರಾವಳಿಯ ಚೈನ್ ಹೋಮ್ ರಡಾರ್ ಸಾಲಿನ ಕಣ್ಣಿರೋದು ಸಮುದ್ರದ ಕಡೆ. ಕರಾವಳಿ ಒಳಗೆ ಬಂದ್ಮೇಲೆ ದುರ್ಬೀನು ಹಿಡಿದ ಅಬ್ಸರ್ವರ್ ಕೋರ್‌ನವರೇ ಗತಿ. ಆಟಗಾರರು ಇದ್ಯಾವುದೂ ಕೇಳಲ್ಲ, ಬಣ್ಣ ಯಾವುದು ಅಂತ ಕೇಳ್ತಾರೆ.

ಇನ್ನೊಂದು. ನಿಮ್ಮ ನೆಲದ ಮೇಲೆ ಕಾದಾಡ್ತಿದೀರಿ ಅನ್ನೋದು ನೆನಪಿಡಿ. ಪ್ಯಾರಾಚೂಟ್‌ನಲ್ಲಿ ಇಳಿದರೆ ಸಂಜೆಗೇ ಮತ್ತೆ ಹಾರಬಹುದು. ಅವರ ಪೈಲಟ್ ಇಳಿದರೆ ಸೆರೆ. ಆದರೂ ವಿಮಾನ ಉಳಿಸ್ತೀನಿ ಅಂತ ಕೂತು ಸಾಯೋರೇ ಜಾಸ್ತಿ. ಮೇಲೆ ಬರೆದಿರೋರೊಬ್ಬರು ಹಾಗೇ ಸತ್ತದ್ದು.

ಬಾಲಂಗೋಚಿ:
ಹೆಸರು ಹೇಳಿ ಸಾರ್, ನಾಚಿಕೆ ಯಾಕೆ? ಆ ದಾಳ ಉರುಳಿಸಿದ್ದು ನೀವೇ. ಧುಮುಕ್ತೀನಿ ಅಂತ ನಾನು ಹೇಳಿದ್ದೆ, “ತಡ ಆಯ್ತು” ಅಂದ್ರಿ. ಮೈಕ್ ಆಫ್ ಇತ್ತಂತೆ!

ದಾಳಬಸವ:
ಮೈಕ್ ಆಫ್ ಇದ್ದದ್ದು ನಿಮ್ಮದು.

ಇರುಳುಗಣ್ಣು:
ನಾನು ಪೋಲಿಷ್ ಪೈಲಟ್ ಆಡಿದೆ, 303ನೇ ಸ್ಕ್ವಾಡ್ರನ್, ಹರಿಕೇನ್. ಆಗಸ್ಟ್ ಕೊನೆವರೆಗೂ ನಮ್ಮನ್ನ ಕದನಕ್ಕೇ ಬಿಡಲ್ಲ, ಅಲ್ಲೀವರೆಗೆ ಬರೀ ತಾಲೀಮು. ಅದೂ ಇಂಗ್ಲಿಷಲ್ಲಿ ಎತ್ತರ, ದಿಕ್ಕು ಹೇಳೋ ತಾಲೀಮು. ಎಲ್ಲರೂ ತಮ್ಮ ದೇಶ ಕಾಯ್ತಿದ್ರೆ ನನ್ನ ದೇಶ ಒಂದು ವರ್ಷದ ಹಿಂದೆಯೇ ಹೋಗಿತ್ತು. ಊರಿಗೆ ಕಾಗದ ಬರೀಬೇಕು ಅಂತ ನಿಯಮ, ಬರೆದದ್ದನ್ನ ಕಳಿಸೋಕೆ ವಿಳಾಸ ಇಲ್ಲ. ಸುಮ್ಮನೆ ಬರೆದು ಪೆಟ್ಟಿಗೆಯಲ್ಲಿಟ್ಟೆ. ನನಗೆ ಈ ಆಟ ಅಂದ್ರೆ ಆ ಪೆಟ್ಟಿಗೆ. ಗುಂಡು ಎಷ್ಟು ಹಾರಿಸಿದೆ ಅನ್ನೋದೂ ನೆನಪಿಲ್ಲ.

ಆದರೆ ನಮ್ಮ ಗುಂಪಲ್ಲೊಬ್ಬರು ರೇಡಿಯೋ ಮಾತೆಲ್ಲ ಕನ್ನಡದಲ್ಲೇ ಅಂತ ಹಟ ಹಿಡಿದು ಆಟ ಕೆಡಿಸಿದರು. “ಏಂಜೆಲ್ಸ್ 15” ಅಂದ್ರೆ 15,000 ಅಡಿ, ಎರಡೇ ಮಾತಲ್ಲಿ ಮುಗೀತು. ಅವರು “ದೇವದೂತರು ಹದಿನೈದು” ಅಂತಿದ್ರು. ನಗದೆ ಹಾರೋದು ಹೇಗೆ?

ಕಪ್ಪುಕನ್ನಡಕ:
ಆ ಒಬ್ಬರು ನಾನೇ. ಶತ್ರು ಕಂಡಾಗ ಟ್ಯಾಲಿಹೋ ಅಂತ ಕೂಗಿದ್ರೆ ವೀರರು, “ಕಂಡೆ ಕಂಡೆ” ಅಂದ್ರೆ ನಗು. ಕನ್ನಡದಲ್ಲಿ ಆಡೋದಾದ್ರೆ ಪೂರ್ತಿ ಆಡಿ, ಇಲ್ಲಾಂದ್ರೆ ಇಂಗ್ಲಿಷ್ ಗುಂಪು ಹುಡುಕ್ಕೊಳ್ಳಿ.

ಇರುಳುಗಣ್ಣು:
ಹುಡುಕ್ಕೊಂಡೇ ಬಂದೆ, ಅದಕ್ಕೇ ಆಟ ಮುಗಿಸಿದೆ.

ದಾಳಬಸವ:
ದೇವದೂತರಿಗಿಂತ ಕೆಟ್ಟದ್ದು ಬಿಗ್ ವಿಂಗ್. ಒಂದು ಸಲ ಆಟಗಾರರೇ ಕೇಳ್ಕೊಂಡ್ರು ಅಂತ 12ನೇ ಗ್ರೂಪಿನ ಮುಖ್ಯಸ್ಥ ಲೀ-ಮ್ಯಾಲರಿ ಹೇಳಿದ ಹಾಗೆ ಸ್ಕ್ವಾಡ್ರನ್‌ಗಳನ್ನ ಒಟ್ಟು ಸೇರಿಸಿ ಹಾರಿಸೋಕೆ ಬಿಟ್ಟೆ. ಸೇರೋಷ್ಟರಲ್ಲಿ ಬಾಂಬು ಬಿದ್ದು ಅವರು ಮನೆಗೆ ಹೊರಟಿದ್ರು. 11ನೇ ಗ್ರೂಪಿನ ಮುಖ್ಯಸ್ಥ ಪಾರ್ಕ್ ಮಾಡಿದ್ದೇ ಸರಿ, ಸಿಕ್ಕಷ್ಟು ಜನ ಬೇಗ ಹೋಗಿ ತಾಗೋದು.

ಕಪ್ಪುಕನ್ನಡಕ:
ಸರಿ ಇದ್ದಿದ್ರೆ ಫೈಟರ್ ಪಡೆಯ ಮುಖ್ಯಸ್ಥ ಡೌಡಿಂಗ್, ಪಾರ್ಕ್ ಇಬ್ಬರನ್ನೂ ವರ್ಷ ಮುಗಿಯೋದರೊಳಗೆ ಎತ್ತಂಗಡಿ ಯಾಕೆ ಮಾಡಿದ್ರು?

ದಾಳಬಸವ:
ಗೆದ್ದವರನ್ನ ಎತ್ತಂಗಡಿ ಮಾಡೋದು ಹೊಸದೇನಲ್ಲ. ನನ್ನನ್ನೂ ಗುಂಪಿನಿಂದ ತೆಗೆದ್ರಲ್ಲ.

ಬಾಲಂಗೋಚಿ:
ನೀವು ಗೆದ್ದಿದ್ದು ಯಾವಾಗ?

ಮೋಡದಂಚು:
ಎಲ್ಲರಿಗೂ ವಂದನೆ. ನನ್ನ ಎರಡು ಗಂಟೆ ಬಿಡುವಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಇರಲಿ. ಕೊನೆಗೆ ದಾಳ ಹಾಕಿದೆ, ಹರಿಕೇನ್ ಬಂತು. ಆ 28 ಗ್ಯಾಲನ್ ಟ್ಯಾಂಕ್ ಸರಿಯಾಗಿ ಎಲ್ಲಿರುತ್ತೆ ಅಂದ್ರಿ?