ಕೀತ್ ರಿಚರ್ಡ್ಸ್ ಆತ್ಮಕಥೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ರೋಲಿಂಗ್ ಸ್ಟೋನ್ಸ್ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರು 2010ರಲ್ಲಿ ಪ್ರಕಟಿಸಿದ ‘ಲೈಫ್’ ಓದುತ್ತಿದ್ದೇನೆ. ಹೆರಾಯಿನ್ ಚಟ, ಪೊಲೀಸ್ ದಾಳಿ, ತಂಡದ ಗಾಯಕ ಮಿಕ್ ಜಾಗರ್ ಅವರೊಂದಿಗಿನ ಮುನಿಸು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆಂಬ ಕಾರಣಕ್ಕೆ ಅವರ ಮಾತನ್ನು ಹಾಗೆಯೇ ಒಪ್ಪಬಹುದೇ?

ಉತ್ತರ 1: ಘಟನೆಗಳನ್ನು ತಾಳೆ ನೋಡುವುದು ಕಷ್ಟವಲ್ಲ. 1967ರಲ್ಲಿ ರಿಚರ್ಡ್ಸ್ ಅವರ ರೆಡ್‌ಲ್ಯಾಂಡ್ಸ್ ಮನೆಯ ಮೇಲೆ ನಡೆದ ಪೊಲೀಸ್ ದಾಳಿಯ ನಂತರ ಅವರಿಗೆ ಒಂದು ವರ್ಷದ ಶಿಕ್ಷೆಯಾಗಿ ಮೇಲ್ಮನವಿಯಲ್ಲಿ ಅದು ರದ್ದಾದದ್ದೂ, 1977ರಲ್ಲಿ ಟೊರಾಂಟೊದಲ್ಲಿ ಬಂಧನವಾದದ್ದೂ ದಾಖಲೆಯಲ್ಲಿವೆ. ಜಾಗರ್ ಕುರಿತ ಭಾಗ ಮಾತ್ರ ಒಂದೇ ಪಕ್ಷದ ವಾದ. ಅಲ್ಲಿನ ಲೇವಡಿ ನನಗೆ ಕ್ಷುಲ್ಲಕವೆನಿಸಿತು, ಅದರಿಂದ ಗೆಳೆಯನಿಗಾದ ನೋವಿಗೆ ಮುಂದೆ ರಿಚರ್ಡ್ಸ್ ಅವರೇ ವಿಷಾದ ವ್ಯಕ್ತಪಡಿಸಿದರು.

ಉತ್ತರ 2: ಸಂಗೀತದ ಪುಟಗಳನ್ನು ದಯವಿಟ್ಟು ಅವಸರದಲ್ಲಿ ದಾಟಬೇಡಿ. ಗಿಟಾರಿನ ಅತ್ಯಂತ ಮಂದ್ರದ ಆರನೆಯ ತಂತಿಯನ್ನು ತೆಗೆದುಹಾಕಿ, ಉಳಿದ ಐದನ್ನು ಜಿ-ಡಿ-ಜಿ-ಬಿ-ಡಿ ಎಂದು ಶ್ರುತಿ ಮಾಡಿಕೊಂಡು ತಮ್ಮದೇ ನಾದವನ್ನು ಕಂಡುಕೊಂಡ ಬಗೆಯನ್ನು ವಿವರಿಸುವಾಗ, ಚಟದ ಕಥೆಯಲ್ಲಿ ಮರೆಯಾಗಿದ್ದ ಶ್ರಮಜೀವಿ ವಾದಕ ಎದುರಿಗೆ ಬಂದು ನಿಲ್ಲುತ್ತಾನೆ. ನನ್ನ ಮಟ್ಟಿಗೆ ಪುಸ್ತಕದ ಜೀವಾಳ ಅದೇ.

ಉತ್ತರ 3: ಸಹಲೇಖಕ ಜೇಮ್ಸ್ ಫಾಕ್ಸ್ ಅವರೊಂದಿಗೆ ಸಿದ್ಧವಾದ ಈ ಕೃತಿಯಲ್ಲಿ ಗೆಳೆಯರ ಹೇಳಿಕೆಗಳೂ ನಡುನಡುವೆ ಬರುತ್ತವೆ, ಅವನ್ನು ರಿಚರ್ಡ್ಸ್ ಅವರ ಮಾತಿನ ಪಕ್ಕದಲ್ಲಿಟ್ಟು ಓದಿ.